ಹೊಸಬರಿಗೆ ಮಾರ್ಗದರ್ಶಿ: ಕೊಡಗಿನ ಮಳೆಗಾಲದಲ್ಲಿ ಪುಟ್ಟ ಮಕ್ಕಳ ಊಟ

ಕೊಡಗಿಗೆ ವರ್ಗವಾಗಿ ಬಂದವರಾಗಲಿ, ತೋಟದ ಕಾರ್ಮಿಕರ ಲೈನ್‌ಮನೆಗೆ ಬಂದಿಳಿದವರಾಗಲಿ, ಶಾಲೆಗೆ ಸೇರದ ಮಕ್ಕಳಿರುವ ಮನೆಯವರು ಜೂನ್‌ಗೆ ಮೊದಲೇ ಅಡುಗೆಮನೆಯ ಕಡೆ ಒಮ್ಮೆ ಗಮನ ಹರಿಸಬೇಕು. ಭಾಗಮಂಡಲ, ಮಡಿಕೇರಿಯ ಕಡೆ ಮಳೆ ಹಿಡಿದುಕೊಂಡರೆ ಸಂತೆ ತಪ್ಪುತ್ತದೆ, ತಂದ ಸೊಪ್ಪು ಎರಡೇ ದಿನಕ್ಕೆ ಕೊಳೆಯುತ್ತದೆ. ಆಗ ಮಗುವಿನ ತಟ್ಟೆಯಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ, ನಡುನಡುವೆ ಬಿಸ್ಕತ್ತು ಮಾತ್ರ ಉಳಿಯುತ್ತವೆ. ಹೊಟ್ಟೆಯೇನೋ ತುಂಬುತ್ತದೆ, ಆದರೆ ಎಲ್ಲವೂ ಹೆಚ್ಚುಕಡಿಮೆ ಅಕ್ಕಿ ಮತ್ತು ಹಿಟ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಪ್ರೋಟೀನ್, 11 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಇರುವುದರಿಂದ ಅದು ಸುಲಭ ದಾರಿ. ಮೊಟ್ಟೆ ತಿನ್ನದ ಮನೆಯವರು ಹೆಸರುಕಾಳು, ಹುರುಳಿ, ಕಡಲೆ ಮತ್ತು ಹಾಲಿನಿಂದ ಅದನ್ನು ತುಂಬಿಸಬಹುದು. ಮಳೆಗೆ ಮೊದಲೇ ಕಾಳು, ರಾಗಿಹಿಟ್ಟು, ಶೇಂಗಾ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ಇಲ್ಲಿನ ತೇವಕ್ಕೆ ಬೂಷ್ಟು ಹಿಡಿದ ಶೇಂಗಾವನ್ನು ಹುರಿದರೂ ಮಕ್ಕಳಿಗೆ ಕೊಡಬಾರದು. ಇಡೀ ಶೇಂಗಾ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಪುಡಿ ಮಾಡಿಯೇ ಬಡಿಸಿ.

ಕಾಫಿಯ ವಿಚಾರವನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಕಾಫಿ ನಾಡಿನಲ್ಲಿ ಬಂದವರಿಗೆಲ್ಲ ಲೋಟ ಕೈಗಿಡುವುದು ಸೌಜನ್ಯ, ಚಳಿಗೆ ಮಗುವಿಗೂ ಹಾಲು ಹೆಚ್ಚು ಹಾಕಿ ಅರ್ಧ ಲೋಟ ಕೊಡುವುದು ರೂಢಿ. ಆದರೆ ಊಟದ ಜೊತೆ ಕುಡಿದ ಕಾಫಿ, ಚಹಾ ಎರಡೂ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಅದರ ಬದಲು ಊಟಕ್ಕೆ ನಿಂಬೆರಸ ಹಿಂಡಿದರೆ, ಕಾಲವಿದ್ದಾಗ ನಾಲ್ಕು ತೊಳೆ ಕಿತ್ತಳೆ ಕೊಟ್ಟರೆ ಅದೇ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಕೊಡಗಿನಲ್ಲಿದ್ದು ಕಿತ್ತಳೆ ಮರೆಯುವುದೇ?

ನೆರೆಮನೆಯವರು ಪ್ರೀತಿಯಿಂದ ಕೊಟ್ಟದ್ದರಲ್ಲಿ ಎರಡರ ಬಗ್ಗೆ ತಿಳಿದಿರಿ. ಕಳಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದ ಮೇಲೆಯೇ ತಿನ್ನಬೇಕು, ಹಸಿ ಕಳಲೆಯಲ್ಲಿ ವಿಷಾಂಶವಿರುತ್ತದೆ. ಕೆಸುವಿನ ಎಲೆ ಹುಳಿ ಹಾಕಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಇನ್ನು ಆಗಸ್ಟ್ ಮೊದಲ ವಾರದಲ್ಲಿ ಬರುವ, ಕೊಡವ ಪಂಚಾಂಗದ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ಮಗುವಿನ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ.

ಬಂದ ವಾರದಲ್ಲೇ ಹತ್ತಿರದ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ. ಅಲ್ಲಿ ಊಟದ ಜೊತೆಗೆ ತೂಕ, ಎತ್ತರ ನೋಡಿ ಬರೆದಿಡುತ್ತಾರೆ. ತಾಯಿ ಕಾರ್ಡನ್ನು ಹಳೆಯ ಊರಿನಲ್ಲಿ ಬಿಟ್ಟು ಬರಬೇಡಿ. ವಿಟಮಿನ್ ಎ, ಲಸಿಕೆಗಳ ದಾಖಲೆ ಅದರಲ್ಲೇ ಇರುತ್ತದೆ. ಎರಡು ತಿಂಗಳು ತೂಕ ಏರದಿದ್ದರೆ ಕಾರ್ಯಕರ್ತೆಯನ್ನು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. 2ರಿಂದ 5 ವರ್ಷದೊಳಗಿನ ಮಗುವಿನ ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, ವೈದ್ಯರು ಹೇಳಿದಷ್ಟು ಕಬ್ಬಿಣದ ಸಿರಪ್ ಬೇಕಾಗುತ್ತದೆ.