ಕುಷ್ಠರೋಗದಿಂದ ಮುದುಡಿದ ಬೆರಳು: ಆಪರೇಷನ್ನಿನ ಹಿಂದೆ ಮುಂದೆ

ಕುಷ್ಠರೋಗ ಮೊಣಕೈ ಹತ್ತಿರ ಅಲ್ನಾರ್ ನರವನ್ನು (ಕಿರುಬೆರಳಿನ ಕಡೆಯಿಂದ ಕೈಗೆ ಇಳಿಯುವ ನರ) ಕೆಡಿಸಿದರೆ ಉಂಗುರಬೆರಳು, ಕಿರುಬೆರಳು ಮುದುಡುತ್ತವೆ. ಮುಂಗೈ ನಡುವೆ ಇಳಿಯುವ ಮೀಡಿಯನ್ ನರವೂ ಹೋದರೆ ನಾಲ್ಕೂ ಬೆರಳು. ಬುಡದ ಗೆಣ್ಣು ಹಿಂದಕ್ಕೆ ಬಾಗುತ್ತದೆ, ನಡುಗೆಣ್ಣು ಮಡಚಿಕೊಳ್ಳುತ್ತದೆ. ಇದಕ್ಕೆ ಮಾಡುವ ಆಪರೇಷನ್‌ಗಳಲ್ಲಿ ಲ್ಯಾಸೊ ಒಂದು: ನಡುಬೆರಳನ್ನು ಮಡಚುವ ಎರಡು ಸ್ನಾಯುರಜ್ಜುಗಳಲ್ಲಿ ಮೇಲ್ಪದರದ್ದನ್ನು ಬಿಡಿಸಿ, ನಾಲ್ಕು ಎಳೆಯಾಗಿ ಸೀಳಿ, ಪ್ರತಿ ಬೆರಳಿನ ಬುಡದಲ್ಲಿರುವ ಬಳೆಯಂಥ ಕಟ್ಟಿಗೆ ಸುತ್ತಿ ಹೊಲಿಯುತ್ತಾರೆ. ಚಲನೆ ಬರುತ್ತದೆ, ಸ್ಪರ್ಶ ಬರುವುದಿಲ್ಲ. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಬೇಕು.

ಎಂಡಿಟಿ (ಕುಷ್ಠರೋಗಕ್ಕೆ ಹಲವು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ) ಮುಗಿದಿರಬೇಕು, ಇಲ್ಲವೇ ಕನಿಷ್ಠ 6 ತಿಂಗಳು ತಪ್ಪದೆ ನುಂಗಿರಬೇಕು. ಹಿಂದಿನ 6 ತಿಂಗಳಲ್ಲಿ ರಿಯಾಕ್ಷನ್ (ರೋಗಾಣುವಿನ ವಿರುದ್ಧ ದೇಹವೇ ಕೆರಳಿ ಬರುವ ಉರಿಯೂತ) ಆಗಲಿ ನರದ ನೋವಾಗಲಿ ಕಾಣಿಸಿಕೊಂಡಿರಬಾರದು. ಬಲ ಹೋಗಿ 6 ತಿಂಗಳೂ ಆಗಿಲ್ಲವೆಂದರೆ ಆಪರೇಷನ್ ಮಾತು ಬೇಡ. ವೈದ್ಯರ ನಿಗಾದಲ್ಲಿ ಉರಿಯೂತ ಇಳಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಕೊಟ್ಟರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಇನ್ನೂ ಇದೆ. ಕೈಯಲ್ಲಿ ಹುಣ್ಣು, ಕೀವು, ಕಜ್ಜಿ ಇದ್ದರೆ ಅದು ಮಾಯುವ ತನಕ ಕಾಯಬೇಕು.

ಮುಖ್ಯ ಪರೀಕ್ಷೆ ಗೆಣ್ಣಿನದು. ಬುಡದ ಗೆಣ್ಣನ್ನು ನೀವೇ ಮಡಚಿ ಹಿಡಿದು, ಬೆರಳು ಚಾಚಲು ಹೇಳಿ. ನಡುಗೆಣ್ಣು ನೆಟ್ಟಗಾದರೆ ಲ್ಯಾಸೊಗೆ ಒಳ್ಳೆಯ ಕೈ. ನೀವು ಒತ್ತಿ ಚಾಚಿದರೂ ನೆಟ್ಟಗಾಗದಿದ್ದರೆ ಗೆಣ್ಣೇ ಬಿಗಿದಿದೆ. ಹಾಗೇ ಆಪರೇಷನ್ ಮಾಡಿದರೆ ಹೊಸ ರಜ್ಜುವಿನ ಎಳೆತ ವ್ಯರ್ಥ. ದಿನಾ ಕೈಯನ್ನು 20 ನಿಮಿಷ ತಣ್ಣೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ತೊಡೆಯ ಮೇಲಿಟ್ಟು ಇನ್ನೊಂದು ಕೈಯಿಂದ ನಯವಾಗಿ ನೀವಿ ಚಾಚಿಸಿ. ಬಿಸಿನೀರು ಬೇಡವೇ ಬೇಡ, ಸುಟ್ಟರೂ ತಿಳಿಯದ ಚರ್ಮ ಅದು. ಬಿಗಿತ ಹೆಚ್ಚಿದ್ದರೆ ಬೆರಳಿಗೆ ಕೊಳವೆಯಾಕಾರದ ಪ್ಲಾಸ್ಟರ್ ಹಾಕಿ, ಕೆಲವು ದಿನಕ್ಕೊಮ್ಮೆ ಬದಲಿಸುತ್ತ ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡುತ್ತಾರೆ. ಅವಸರಕ್ಕೆ ಜಗ್ಗಿದರೆ ಒಳಮಡಿಕೆಯ ಚರ್ಮ ಬಿರಿಯುತ್ತದೆ.

ಆಪರೇಷನ್ ಆದಮೇಲೆ ಸುಮಾರು 3 ವಾರ ಪ್ಲಾಸ್ಟರ್: ಬುಡದ ಗೆಣ್ಣು ಮಡಚಿ, ಉಳಿದವು ನೆಟ್ಟಗೆ. ಪ್ಲಾಸ್ಟರ್ ಒತ್ತಿದರೂ ನೋವು ಗೊತ್ತಾಗದು, ಹಾಗಾಗಿ ರೋಗಿ ದೂರುವುದಿಲ್ಲ. ಉಗುರು ಅದುಮಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಪ್ಲಾಸ್ಟರಿನಿಂದ ದುರ್ವಾಸನೆ ಬಂದರೆ, ಕಲೆ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ.

ಪ್ಲಾಸ್ಟರ್ ತೆಗೆದ ಮೇಲೆ ಸರಿಯಾದ ಅಭ್ಯಾಸ ಶುರು. ಕೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಡಿಸಿ, ನಡುಬೆರಳು ಮಡಚುವ ಹಳೆಯ ಪ್ರಯತ್ನವನ್ನೇ ಮಾಡಿಸಿ: ಬುಡದ ಗೆಣ್ಣುಗಳು ಒಟ್ಟಿಗೆ ಮಡಚಿಕೊಳ್ಳುತ್ತವೆ, ಬೆರಳು ಮಾತ್ರ ನೆಟ್ಟಗಿರಬೇಕು. ಆಗಾಗ ಸ್ವಲ್ಪ ಸ್ವಲ್ಪ ಮಾಡಿಸಿ. ಮುಷ್ಟಿ ಕಟ್ಟುವುದು, ಭಾರ ಎತ್ತುವುದು ಫಿಸಿಯೋಥೆರಪಿಸ್ಟ್ ಹೇಳುವವರೆಗೆ ಕೂಡದು. ಬೇಗ ಜಗ್ಗಿದರೆ ಹೊಲಿಗೆ ಸಡಿಲವಾಗಿ ಬೆರಳು ಮತ್ತೆ ಮುದುಡುತ್ತದೆ. ರಾತ್ರಿ ಸ್ಪ್ಲಿಂಟ್ (ಬೆರಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ) ಬಿಡಬಾರದು. ನಡುಬೆರಳಿನ ನಡುಗೆಣ್ಣು ಹಿಂಬದಿಗೆ ಬಾಗತೊಡಗಿದರೆ ಕೂಡಲೇ ತೋರಿಸಿ: ರಜ್ಜು ಕೊಟ್ಟ ಬೆರಳಿಗೆ ಆಗುವ ತೊಂದರೆ ಇದು.