ಸ್ಟ್ರೇಟ್ನರ್‌ನಲ್ಲೇ ಸಡಿಲ ಗುಂಗುರು

ಗುಂಗುರು ಮಾಡೋಕೆ ಬೇರೆ ಮೆಷಿನ್ ಬೇಕಾಗಿಲ್ಲ, ಮನೆಯಲ್ಲಿರುವ ಸ್ಟ್ರೇಟ್ನರ್ ಸಾಕು. ಆದರೆ ಕೂದಲು ಪೂರ್ತಿ ಒಣಗಿರಲೇಬೇಕು. ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ (ಬಿಸಿಯಿಂದ ಕೂದಲನ್ನು ಕಾಪಾಡುವ ಸ್ಪ್ರೇ) ಹಾಕದೆ ದಯವಿಟ್ಟು ಶುರು ಮಾಡಬೇಡಿ. ತೆಳು ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್ ಸಾಕು, ದಪ್ಪ ಕೂದಲಿಗೆ 180ರ ಆಸುಪಾಸು.

ಎರಡು ಬೆರಳಗಲ ಕೂದಲು ತೆಗೆದುಕೊಳ್ಳಿ. ಕಿವಿಯ ಮಟ್ಟದಲ್ಲಿ ಸ್ಟ್ರೇಟ್ನರ್‌ನಿಂದ ಹಿಡಿದು, ಅದನ್ನು ಮುಖದಿಂದ ಆಚೆಗೆ ಅರ್ಧ ಸುತ್ತು ತಿರುಗಿಸಿ, ಹಾಗೇ ಕೆಳಗೆ ಜಾರಿಸಿ. ಜಾಸ್ತಿ ಒತ್ತಬೇಡಿ. ಮಧ್ಯೆ ನಿಲ್ಲಿಸಲೂಬೇಡಿ, ನಿಲ್ಲಿಸಿದ ಕಡೆ ಗೆರೆ ಬೀಳುತ್ತದೆ. ತುದಿಯ ಒಂದಿಂಚು ನೇರವಾಗೇ ಬಿಟ್ಟರೆ ಸಹಜವಾಗಿ ಕಾಣುತ್ತದೆ, ನನಗಂತೂ ಅದೇ ಇಷ್ಟ.

ಬಿಸಿ ಆರುವ ತನಕ ಸುಮ್ನೆ ಮುಟ್ಟಬೇಡಿ, ಬಾಚಿದರೆ ಸುರುಳಿ ಬಿಚ್ಚಿಹೋಗುತ್ತದೆ. ಆಮೇಲೆ ಬೆರಳಲ್ಲೇ ಮೆಲ್ಲಗೆ ಬಿಡಿಸಿ. ಮಲ್ಲಿಗೆ ಮುಡಿಯುವುದಿದ್ದರೆ ಅದೂ ಆರಿದ ಮೇಲೆಯೇ.