ಅಸುರನ ಕೋರೆಹಲ್ಲು ಎಲ್ಲಿಂದ ಬಂತು

ಮಡಿಕೇರಿ ದಸರಾದ ಮಂಟಪಕ್ಕೆ ಅಸುರರ ಚಿತ್ರ ಬರೆದುಕೊಡುವುದು ನನ್ನ ಕೆಲಸ. ಅದನ್ನು ನೋಡಿಕೊಂಡು ಕಲಾವಿದರು ಮೂರ್ತಿ ಮಾಡುತ್ತಾರೆ. ವಿಜಯದಶಮಿಯ ರಾತ್ರಿ ದಶಮಂಟಪಗಳು, ಅಂದರೆ ಯಂತ್ರದಿಂದ ಚಲಿಸುವ ಮೂರ್ತಿಗಳನ್ನು ಹೊತ್ತ ಹತ್ತು ಸ್ತಬ್ಧಚಿತ್ರಗಳು, ಮೆರವಣಿಗೆ ಹೊರಟಾಗ ಮಕ್ಕಳ ಕಣ್ಣು ಮೊದಲು ಹೋಗುವುದು ದೇವಿಯ ಎದುರು ಬಾಯಿ ತೆರೆದು ನಿಂತವನ ಕಡೆಗೆ. ಆ ಮುಖ ಅವರನ್ನು ನಂಬಿಸಲೇಬೇಕು.

ನಂಬಿಸುವ ದಾರಿ ನನಗೆ ಸಿಕ್ಕಿದ್ದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಹಂಸಗಳ ಸಾಲಿನ ಕೆಳಗೆ ಮಕರಗಳ ಸಾಲಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಪಾದ, ನವಿಲಿನ ಗರಿಬಾಲ. ಒಂದೊಂದು ಅಂಗವನ್ನೂ ಬೇರೆ ಬೇರೆಯಾಗಿ ಬರೆದು, ಪಕ್ಕದಲ್ಲಿ ಅದು ಯಾವ ಪ್ರಾಣಿಯದೆಂದು ಗುರುತು ಹಾಕಿಕೊಂಡೆ. ಆಮೇಲೆ ದುಬಾರೆಗೆ ಹೋಗಿ, ಕಾವೇರಿಯಲ್ಲಿ ಮೀಯುವ ಆನೆಗಳನ್ನು ನೋಡುತ್ತ ಕುಳಿತೆ. ಸೊಂಡಿಲು ಸುರುಳಿಯಾದಾಗ ಒಳಮೈಯ ಸುಕ್ಕುಗಳು ಒತ್ತೊತ್ತಾಗಿ ಸೇರುತ್ತವೆ, ಹೊರಮೈಯವು ಬಿಡಿಸಿಕೊಳ್ಳುತ್ತವೆ. ಇಷ್ಟು ತಿಳಿದ ಮೇಲೆ ಆ ಸೊಂಡಿಲನ್ನು ಯಾವ ಮೈಗೆ ಅಂಟಿಸಿದರೂ ಅದು ಜೀವಂತವಾಗಿಯೇ ಇರುತ್ತದೆ.

ಲಿಯೊನಾರ್ಡೊ ಡ ವಿಂಚಿ ಹೇಳಿದ್ದೂ ಇದನ್ನೇ. ಡ್ರ್ಯಾಗನ್ ಬರೆಯುವವನು ನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಆಮೆಯ ಕತ್ತು ತೆಗೆದುಕೊಳ್ಳಲಿ ಎಂದು ಆತ ಬರೆದಿಟ್ಟಿದ್ದಾನೆ. 1515ರಲ್ಲಿ ಭಾರತದಿಂದ ಲಿಸ್ಬನ್‌ಗೆ ಒಂದು ಘೇಂಡಾಮೃಗ ಹೋಯಿತು. ಅದನ್ನು ಕಣ್ಣಾರೆ ಕಾಣದ ಜರ್ಮನ್ ಕಲಾವಿದ ಡ್ಯೂರರ್, ದೂರದಿಂದ ಬಂದ ವರ್ಣನೆ ಮತ್ತು ಒಂದು ರೇಖಾಚಿತ್ರವನ್ನು ನೆಚ್ಚಿಕೊಂಡು ಮರದ ಅಚ್ಚು ಮಾಡಿದ. ಚರ್ಮಕ್ಕೆ ಕವಚದಂಥ ಫಲಕಗಳು, ಹೆಗಲ ಬಳಿ ಇಲ್ಲದ ಇನ್ನೊಂದು ಪುಟ್ಟ ಕೊಂಬು. ಆ ಕೊಂಬೆಂದರೆ ನನಗೆ ಪಂಚಪ್ರಾಣ.

ಕುಶಾಲನಗರದ ಸೇತುವೆ ದಾಟಿದರೆ ಟಿಬೆಟಿಯನ್ನರು ನೆಲೆಸಿರುವ ಬೈಲುಕುಪ್ಪೆ. ಟಿಬೆಟಿನ ಚಿತ್ರಗಳ ಉಗ್ರದೇವತೆಗಳನ್ನು ನಾನು ಅಭ್ಯಾಸ ಮಾಡಿದ್ದು ಅಲ್ಲಿಗೆ ಹೋಗಿಬಂದೇ. ಮೂರು ಕಣ್ಣು, ಬೆಂಕಿಯಂತೆ ಏಳುವ ಹುಬ್ಬು, ತಲೆಯ ಮೇಲೆ ಐದು ಬುರುಡೆಗಳ ಕಿರೀಟ. ಮನಸ್ಸಿನ ಐದು ವಿಷಗಳು ಐದು ಜ್ಞಾನಗಳಾಗಿ ಮಾರ್ಪಟ್ಟುದರ ಗುರುತು ಆ ಬುರುಡೆಗಳು. ಅಷ್ಟು ರೌದ್ರ ರೂಪದಲ್ಲೂ ಗೆರೆ ಎಲ್ಲಿಯೂ ತಡವರಿಸುವುದಿಲ್ಲ, ಒಂದೇ ಉಸಿರಿನಲ್ಲಿ ಎಳೆದಂತಿರುತ್ತದೆ. ಗೀಚಿದರೆ ಮುಖ ಭಯಂಕರವಾಗುತ್ತದೆಂದು ನಂಬುವ ಹುಡುಗರಿಗೆ ನಾನು ಮೊದಲು ತೋರಿಸುವುದು ಈ ಗೆರೆಯನ್ನು.

ಇನ್ನು ನನ್ನ ಅಸುರ. ಮಂಟಪದ ದೀಪಗಳು ಬುಡದಿಂದ ಬೆಳಗುವುದರಿಂದ ಹುಬ್ಬಿನ ಅಡಿಯ ನೆರಳು ಮಾಯವಾಗಿ ಕಣ್ಣಿನ ಗುಳಿ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೇ ಕೆಳರೆಪ್ಪೆಯನ್ನು ದಪ್ಪಗೆ, ಮುಂದಕ್ಕೆ ಚಾಚಿ ಬರೆಯುತ್ತೇನೆ. ಆಗ ಅದರ ನೆರಳು ಮೇಲೇರಿ ಕಣ್ಣನ್ನು ಕವಿಯುತ್ತದೆ. ಕೋರೆಹಲ್ಲು ನಮ್ಮ ತೋಟಗಳಿಗೆ ನುಗ್ಗುವ ಕಾಡುಹಂದಿಯದು. ಅದರ ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜಿ ಉಜ್ಜಿಯೇ ಹರಿತವಾಗುತ್ತದೆ. ಯಂತ್ರ ದವಡೆಯನ್ನು ತೆರೆಯುವಾಗ ಎರಡೂ ಕೋರೆಗಳು ಹಾಗೆಯೇ ಸವರಿಕೊಂಡು ಬಿಡಿಸಿಕೊಳ್ಳಬೇಕು. ಕೀಲು ಎಲ್ಲಿ ಕೂರಬೇಕೆಂದು ತಿಳಿಯಲೆಂದು ಕಲಾವಿದರಿಗೆ ಪಕ್ಕದ ನೋಟದ ಚಿತ್ರವನ್ನೂ ಬೇರೆಯಾಗಿ ಬರೆದುಕೊಡುತ್ತೇನೆ.